ಧೂಳಿನ ಕುಲಗೋತ್ರ

ಆಫ್ರಿಕ ಖಂಡದ ನಡುವೆ, ಚಾಡ್ ದೇಶದ ಉತ್ತರ ಭಾಗದಲ್ಲಿ, ತಿಬೆಸ್ತಿ ಮತ್ತು ಎನ್ನೆದಿ ಎಂಬ ಎರಡು ಪರ್ವತಪ್ರದೇಶಗಳ ನಡುವೆ ವಿಶಾಲವಾದ ಕಂಡಿಯೊಂದುಂಟು. ಚಳಿಗಾಲದ ಇರುಳುಗಳಲ್ಲಿ ಸಹಾರಾದ ಮೇಲೆ ಈಶಾನ್ಯದಿಂದ ಹರಿದುಬರುವ ಗಾಳಿ ಈ ಕಂಡಿಯ ಇಕ್ಕಟ್ಟಿಗೆ ಸಿಕ್ಕಿ ರಭಸಗೊಳ್ಳುತ್ತದೆ; ಸೂರ್ಯೋದಯವಾಗಿ ನೆಲ ಕಾಯತೊಡಗಿದೊಡನೆ, ಅದುವರೆಗೆ ಮೇಲುಮೇಲೆಯೇ ಸಾಗುತ್ತಿದ್ದ ಆ ರಭಸ ಕೆಳಕ್ಕಿಳಿದು ನೆಲವನ್ನು ಅಪ್ಪಳಿಸುತ್ತದೆ. ಗಳಿಗೆಯೊಳಗಾಗಿ ದಿಗಂತ ಮರೆಯಾಗುತ್ತದೆ, ಆಕಾಶ ಬಿಳುಪೇರುತ್ತದೆ.

ಅಲ್ಲಿನ ನೆಲ ಬರಿಯ ಮರಳಲ್ಲ. ಆರೇಳು ಸಾವಿರ ವರ್ಷಗಳ ಹಿಂದೆ ಅಲ್ಲಿ ಸುಮಾರು 3.5 ಲಕ್ಷ ಚದರ ಕಿಲೋಮೀಟರು ವ್ಯಾಪ್ತಿಯ ಮಹಾಸರೋವರವೊಂದಿತ್ತು. ಇಂದಿನ ಚಾಡ್ ಸರೋವರ ಅದರ ಅವಶೇಷ ಮಾತ್ರ. ಆ ಜಲರಾಶಿಯಲ್ಲಿ ಬಾಳಿ ಅಳಿದ ಡಯಾಟಂ ಎಂಬ ಸೂಕ್ಷ್ಮಜೀವಿಗಳ ಸಿಲಿಕಾ ಚಿಪ್ಪುಗಳು ತಳದಲ್ಲಿ ಪದರಪದರವಾಗಿ ಕೂಡಿಬಿದ್ದು, ನೀರು ಬತ್ತಿದ ಮೇಲೆ ಬಿಳಿಯ ಮೆದುಕಲ್ಲಾಗಿ ಉಳಿದುಕೊಂಡಿವೆ. ಬೊಡೆಲೆ ತಗ್ಗು ಎಂದು ಹೆಸರಾದ ಈ ಪ್ರದೇಶ ಲೋಕದ ಅತ್ಯಂತ ದೊಡ್ಡ ಧೂಳಿನ ತವರುಗಳಲ್ಲೊಂದು.

ಇಲ್ಲಿಂದೆದ್ದ ಧೂಳು ಹರ್ಮಟಾನ್ ಎಂಬ ಒಣಗಾಳಿಯೊಡನೆ ನೈಋತ್ಯಕ್ಕೆ ಸಾಗಿ, ನೈಜರ್, ನೈಜೀರಿಯ, ಘಾನಾ ದೇಶಗಳ ಜನರ ತುಟಿಯೊಡೆಸಿ, ನಡುಹಗಲಿನ ಸೂರ್ಯನನ್ನು ಮಂಕುಗೊಳಿಸಿ, ವಿಮಾನಗಳ ಸಂಚಾರವನ್ನು ತಡೆದು, ಕೊನೆಗೆ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆಜಾನ್ ಅರಣ್ಯದ ಮೇಲೆ ಇಳಿಯುತ್ತದೆ. ಆಫ್ರಿಕದ ಪಶ್ಚಿಮದಂಚನ್ನು ದಾಟುವ ಧೂಳು ವರ್ಷಕ್ಕೆ ಸುಮಾರು 18 ಕೋಟಿ 20 ಲಕ್ಷ ಟನ್ನೆಂದೂ, ಅದರಲ್ಲಿ ಸುಮಾರು 2 ಕೋಟಿ 77 ಲಕ್ಷ ಟನ್ ಅಮೆಜಾನ್ ಪ್ರದೇಶದಲ್ಲಿ ಬೀಳುವುದೆಂದೂ, 2007ರಿಂದ 2013ರವರೆಗಿನ ಉಪಗ್ರಹದ ಅಳತೆಗಳನ್ನು ಆಧರಿಸಿ 2015ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು.

ಇಷ್ಟರಮಟ್ಟಿನ ಸಂಗತಿ ಪತ್ರಿಕೆ ಓದುವವರಲ್ಲಿ ಅನೇಕರಿಗೆ ತಿಳಿದಿರಬಹುದು. ಆದರೆ ಆ ಧೂಳಿನೊಳಗೆ ಇರುವುದಾದರೂ ಏನು ಎಂಬ ಪ್ರಶ್ನೆಗೆ ಈಚಿನವರೆಗೂ ತೃಪ್ತಿಕರವಾದ ಉತ್ತರವಿರಲಿಲ್ಲ. ಧೂಳಿನ ತೂಕವನ್ನು ಅರಿತಿದ್ದೆವು, ದಾರಿಯನ್ನು ಅರಿತಿದ್ದೆವು. ಅದರ ಕುಲಗೋತ್ರವನ್ನು ಅರಿತಿರಲಿಲ್ಲ.

ಕೂವೆಮರದಲ್ಲಿ ದೊರೆತ ಪೊಟ್ಟಣ

ಈ ಜಿಜ್ಞಾಸೆ ಹೊಸದೇನೂ ಅಲ್ಲ. 1832ರ ಜನವರಿಯಲ್ಲಿ ಬೀಗಲ್ ಎಂಬ ಹಡಗು ಕೇಪ್ ವರ್ಡ್ ದ್ವೀಪಗಳನ್ನು ಸಮೀಪಿಸುತ್ತಿದ್ದಾಗ, ಅದರಲ್ಲಿದ್ದ ತರುಣ ಚಾರ್ಲ್ಸ್ ಡಾರ್ವಿನ್ನನು, ಕೂವೆಮರದ ತುದಿಯ ಗಾಳಿಸೂಚಿಯ ತೆಳುಬಟ್ಟೆ ಗಾಳಿಯಿಂದ ಸೋಸಿ ಹಿಡಿದಿದ್ದ ಕಂದುಬಣ್ಣದ ನುಣುಪಾದ ಧೂಳನ್ನು ಕಂಡು, ಅದನ್ನು ಪೊಟ್ಟಣ ಕಟ್ಟಿ ಇಟ್ಟುಕೊಂಡನು. ಅನಂತರ ಅದನ್ನೂ ಬೇರೆ ಹಡಗುಗಳಲ್ಲಿ ಸಂಗ್ರಹವಾದ ಇನ್ನು ಕೆಲವು ಪೊಟ್ಟಣಗಳನ್ನೂ ಬರ್ಲಿನ್ನಿನ ಎಹ್ರೆನ್‌ಬರ್ಗ್ ಎಂಬ ವಿದ್ವಾಂಸನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಲಾಗಿ, ಅವುಗಳಲ್ಲಿ 67 ಬಗೆಯ ಜೈವಿಕ ರೂಪಗಳ ಅವಶೇಷಗಳು ಕಂಡುಬಂದವು. ನಡುಸಮುದ್ರದಲ್ಲಿ ಬಿದ್ದ ಧೂಳಿನಲ್ಲಿ ಸಿಹಿನೀರಿನ ಜೀವಿಗಳ ಚಿಪ್ಪುಗಳು!

ಒಂದು ಹಿಡಿ ಧೂಳನ್ನು ಕೈಗೆ ತೆಗೆದುಕೊಂಡು ಪರೀಕ್ಷಿಸುವ ಈ ಪದ್ಧತಿ ಇಂದಿಗೂ ಬಿಟ್ಟುಹೋಗಿಲ್ಲ, ಬಿಟ್ಟುಹೋಗಲೂ ಬಾರದು. ವೆಸ್ಟ್ ಇಂಡೀಸಿನ ಬಾರ್ಬೆಡೋಸ್ ದ್ವೀಪದ ಪೂರ್ವ ಕರಾವಳಿಯಲ್ಲಿ, ಸಾಗರದ ಗಾಳಿಗೆ ಎದೆಯೊಡ್ಡಿ ನಿಂತ ಒಂದು ಗೋಪುರದ ಮೇಲೆ, ಜೋಸೆಫ್ ಪ್ರಾಸ್ಪೆರೊ ಎಂಬ ಅಮೆರಿಕದ ವಿಜ್ಞಾನಿ ಕೈಗೊಂಡ ಸಂಗ್ರಹಣಕಾರ್ಯ 1965ರಿಂದ ನಡೆದುಬಂದಿದೆ.

ಅಲ್ಲಿನ ವಿಧಾನವನ್ನು ಹತ್ತಿರದಿಂದ ನೋಡುವುದು ಉಚಿತ. ಸಮುದ್ರದ ಕಡೆಯಿಂದ ಗಾಳಿ ಬೀಸುವಾಗ ಮಾತ್ರ ಯಂತ್ರ ಅದನ್ನು ಬಿಳಿಯ ಶೋಧಕ ಕಾಗದದ ಮೂಲಕ ಹೀರುತ್ತದೆ. ಧೂಳಿಲ್ಲದ ದಿನ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ಆಫ್ರಿಕದ ಧೂಳು ಬಂದ ದಿನ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಪ್ರಯೋಗಶಾಲೆಯಲ್ಲಿ ಅದನ್ನು ಮೊದಲು ನೀರಿನಲ್ಲಿ ತೊಳೆದು ಕಡಲಿನ ಉಪ್ಪನ್ನು ಕಳೆಯುತ್ತಾರೆ. ಬಳಿಕ ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಕಾಗದವೆಲ್ಲ ಉರಿದುಹೋಗಿ ಉಳಿಯುವ ಬೂದಿಯೇ ಮರುಭೂಮಿಯ ಖನಿಜ. ಅದನ್ನು ತೂಗಿ ಬರೆದಿಡುತ್ತಾರೆ. ಅಮೆಜಾನಿಗೆ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಸಹಾರಾದ ಧೂಳಿನಿಂದ ದೊರೆಯುತ್ತದೆಂದು 2015ರಲ್ಲಿ ಲೆಕ್ಕ ಹಾಕುವಾಗ, ಧೂಳಿನ ಪ್ರಮಾಣವನ್ನು ಕೊಟ್ಟದ್ದು ಉಪಗ್ರಹ. ಅದರೊಳಗೆ ರಂಜಕದ ಅಂಶ ಎಷ್ಟೆಂಬುದನ್ನು ಕೊಟ್ಟದ್ದು ಬೊಡೆಲೆಯಿಂದ, ಬಾರ್ಬೆಡೋಸಿನಿಂದ, ಮಯಾಮಿಯಿಂದ ಕೈಯಾರೆ ತಂದ ಇಂಥ ಮಾದರಿಗಳು.

ಬಣ್ಣದಲ್ಲಿ ಅಡಗಿದ ಶಾಖ

ಖನಿಜಗಳ ವಿವರ ಏಕೆ ಬೇಕು, ಧೂಳು ಧೂಳೇ ಅಲ್ಲವೆ ಎಂದು ಕೇಳಬಹುದು. ಅಲ್ಲ; ಇಡೀ ವಿಷಯದ ಮರ್ಮವಿರುವುದೇ ಇಲ್ಲಿ.

ಪ್ರತಿವರ್ಷವೂ ಸುಮಾರು 200 ಕೋಟಿ ಟನ್ ಧೂಳು ಭೂಮಿಯಿಂದ ವಾಯುಮಂಡಲಕ್ಕೆ ಏರುತ್ತದೆಂದು ವಿಶ್ವ ಹವಾಮಾನ ಸಂಸ್ಥೆಯ ಅಂದಾಜು. ಈ ರಾಶಿ ಸೂರ್ಯನ ಬೆಳಕನ್ನು ಹಿಂದಕ್ಕೆ ಚದರಿಸಿದರೆ ಭೂಮಿ ತಣಿಯುತ್ತದೆ. ಹೀರಿಕೊಂಡರೆ ಗಾಳಿ ಕಾಯುತ್ತದೆ. ಚದರಿಸುವುದೋ ಹೀರುವುದೋ ಎಂಬುದು ಕಣದ ಗಾತ್ರವನ್ನೂ, ಅದಕ್ಕಿಂತ ಮಿಗಿಲಾಗಿ ಅದರಲ್ಲಿರುವ ಕಬ್ಬಿಣದ ಆಕ್ಸೈಡುಗಳನ್ನೂ ಅವಲಂಬಿಸಿದೆ. ಕೆಂಪಾದ ಹೆಮಟೈಟ್, ಹಳದಿಗೆಂಪಾದ ಗೋಥೈಟ್ ಎಂಬ ಈ ಖನಿಜಗಳು ಧೂಳಿನಲ್ಲಿ ನೂರಕ್ಕೆ ಕೆಲವೇ ಪಾಲಿರುತ್ತವೆ. ಆದರೂ ನೀಲಿ ಹಸುರು ಬೆಳಕನ್ನು ಅತ್ಯಾಸೆಯಿಂದ ಹೀರುವುದರಿಂದ ಇಡೀ ಮೋಡದ ಸ್ವಭಾವವನ್ನೇ ಅವು ಬದಲಿಸಬಲ್ಲವು. ಸುಣ್ಣದ ಕ್ಯಾಲ್ಸೈಟ್, ಜಿಪ್ಸಂ, ಬಿಳಿಯ ಜೇಡಿಗಳು ಹಾಗಲ್ಲ. ಅವು ಬೆಳಕನ್ನು ಮರಳಿಸುವುದೇ ಹೆಚ್ಚು.

ಕನ್ನಡ ನಾಡಿನವರಿಗೆ ಈ ಖನಿಜಗಳು ಅಪರಿಚಿತವಲ್ಲ. ಸಂಡೂರಿನ ಅದಿರು ಹೆಮಟೈಟ್. ನಮ್ಮ ಕೆಮ್ಮಣ್ಣಿನ ಕೆಂಪಿಗೂ ಅದೇ ಕಾರಣ. ಬಯಲುಸೀಮೆಯ ಎರೆನೆಲ ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದು ಮಾಂಟ್‌ಮೊರಿಲೊನೈಟ್ ಮುಂತಾದ ಜೇಡಿಗಳಿಂದ. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಬಹುಮಟ್ಟಿಗೆ ಕ್ಯಾಲ್ಸೈಟ್. ಒಂದೊಂದು ಸೀಮೆಯ ನೆಲಕ್ಕೂ ಒಂದೊಂದು ಪ್ರಕೃತಿಯಿರುವಂತೆ ಒಂದೊಂದು ಮರುಭೂಮಿಗೂ ಇದೆ.

ಹೀಗಿದ್ದರೂ ಹವಾಗುಣದ ಗಣಿತ ಮಾಡುವವರು ಬಹುಕಾಲ ಲೋಕದ ಧೂಳನ್ನೆಲ್ಲ ಒಂದೇ ಬಣ್ಣದ, ಒಂದೇ ಗುಣದ ವಸ್ತುವೆಂದು ಭಾವಿಸಿಕೊಂಡೇ ಲೆಕ್ಕ ನಡೆಸಿದರು. ಅದು ಅವರ ಅಜ್ಞಾನವಲ್ಲ, ನಿರುಪಾಯ. ಖನಿಜಗಳ ಭೂಪಟವೆಂದು ಅವರ ಕೈಯಲ್ಲಿದ್ದುದು ಹೆಚ್ಚುಕಡಿಮೆ ಐದು ಸಾವಿರ ಮಣ್ಣಿನ ಮಾದರಿಗಳನ್ನು ಆಧರಿಸಿದುದು; ಆ ಮಾದರಿಗಳಾದರೂ ಬಹುಪಾಲು ಸಾಗುವಳಿಯ ಭೂಮಿಯಿಂದ ತೆಗೆದುವು. ರೈತನಿಗೆ ಬೇಕಾದ ಮಣ್ಣನ್ನು ಪರೀಕ್ಷಿಸುವವರುಂಟು. ಯಾರೂ ಉಳದ ಸಹಾರಾದ ಒಡಲಿನಲ್ಲಿ ಹೋಗಿ ಮಣ್ಣು ತೆಗೆಯುವವರು ಯಾರು?

ಬೆಳಕಿನಲ್ಲಿ ಕಾಣೆಯಾದ ಭಾಗ

ಈ ಕೊರತೆಯನ್ನು ನೀಗಲು ರೂಪುಗೊಂಡ ಯೋಜನೆಯ ಹೆಸರು ಎಮಿಟ್. ಅಮೆರಿಕದ ನಾಸಾ ಸಂಸ್ಥೆಯ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ರಾಬರ್ಟ್ ಗ್ರೀನ್ ಅವರ ನೇತೃತ್ವದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ನಟಾಲಿ ಮಹೋವಾಲ್ಡ್ ಅವರ ಸಹಯೋಗದಲ್ಲಿ ಸಿದ್ಧವಾದ ಈ ಉಪಕರಣ 2022ರ ಜುಲೈ 14ರಂದು ಸ್ಪೇಸ್‌ಎಕ್ಸ್ ನೌಕೆಯೊಂದರಲ್ಲಿ ಮೇಲಕ್ಕೇರಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಮೈಗೆ ಯಂತ್ರಬಾಹುವೊಂದು ಅದನ್ನು ಜೋಡಿಸಿತು. ಅದು ಸ್ವತಂತ್ರ ಉಪಗ್ರಹವಲ್ಲ. ಮನುಷ್ಯರು ವಾಸಿಸುವ ನಿಲ್ದಾಣಕ್ಕೇ ಅಂಟಿಕೊಂಡು, ಸುಮಾರು 400 ಕಿಲೋಮೀಟರು ಎತ್ತರದಿಂದ ಭೂಮಿಯನ್ನು ನೋಡುತ್ತಿರುವ ಒಂದು ಕಣ್ಣು. ನಿಲ್ದಾಣದ ಪಥ ಉತ್ತರದಲ್ಲಾಗಲಿ ದಕ್ಷಿಣದಲ್ಲಾಗಲಿ 52 ಡಿಗ್ರಿ ಅಕ್ಷಾಂಶವನ್ನು ದಾಟುವುದಿಲ್ಲ. ಲೋಕದ ದೊಡ್ಡ ಮರುಭೂಮಿಗಳೆಲ್ಲ ಆ ಎಲ್ಲೆಯೊಳಗೇ ಇರುವುದರಿಂದ ಈ ಕೆಲಸಕ್ಕೆ ಅದು ಹೇಳಿಮಾಡಿಸಿದ ಸ್ಥಾನ.

ಅದು ಏನನ್ನು ನೋಡುತ್ತದೆ? ಸೂರ್ಯನ ಬೆಳಕು ನೆಲಕ್ಕೆ ಬಿದ್ದು ಪ್ರತಿಫಲಿಸುವಾಗ, ಅಲ್ಲಿನ ಖನಿಜಗಳು ತಮ್ಮ ತಮ್ಮ ಅಣುರಚನೆಗೆ ತಕ್ಕಂತೆ ಕೆಲವು ತರಂಗಾಂತರಗಳನ್ನು ಹೀರಿಕೊಂಡು ಮಿಕ್ಕವನ್ನು ಬಿಟ್ಟುಕೊಡುತ್ತವೆ. ಮರಳಿ ಬಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ, ಎಲ್ಲಿ ಎಷ್ಟು ಕಾಣೆಯಾಗಿದೆ ಎಂಬುದು ಗೊತ್ತಾಗುತ್ತದೆ. ಕಾಣೆಯಾದ ಆ ಭಾಗವೇ ಖನಿಜದ ಗುರುತು. ಕೆಯೊಲಿನೈಟ್ ಎಂಬ ಬಿಳಿಜೇಡಿ 2.2 ಮೈಕ್ರಾನಿನ ಆಸುಪಾಸಿನಲ್ಲಿ ಜೋಡಿತಗ್ಗನ್ನು ಮೂಡಿಸುತ್ತದೆ. ಕ್ಯಾಲ್ಸೈಟಿನ ತಗ್ಗು 2.34ರ ಸಮೀಪ, ಡೋಲೊಮೈಟಿನದು ಅದಕ್ಕಿಂತ ಕೂದಲೆಳೆಯಷ್ಟು ಈಚೆ. ಈ ಕೂದಲೆಳೆಯ ಅಂತರವನ್ನು ಕಾಣಬೇಕಾದರೆ ಬೆಳಕನ್ನು ಬಹಳ ನವುರಾಗಿ ಬಿಡಿಸಬೇಕು.

ಸಾಮಾನ್ಯ ಕ್ಯಾಮೆರಾ ಬೆಳಕನ್ನು ಮೂರು ಬಣ್ಣಗಳಾಗಿ ನೋಡಿದರೆ, ಎಮಿಟ್ 0.38ರಿಂದ 2.5 ಮೈಕ್ರಾನಿನವರೆಗಿನ ಬೆಳಕನ್ನು, ಅಂದರೆ ನೇರಳೆಯಿಂದ ಮೊದಲಾಗಿ ಕಣ್ಣಿಗೆ ಕಾಣದ ಅವಕೆಂಪಿನ ಒಳಹೊಕ್ಕಂತೆ, ಸುಮಾರು 285 ಪಟ್ಟಿಗಳಾಗಿ ವಿಭಾಗಿಸಿ ನೋಡುತ್ತದೆ. ಒಂದು ಸಲಕ್ಕೆ ಅದರ ನೋಟಕ್ಕೆ ಸಿಗುವ ನೆಲದ ಪಟ್ಟೆ ಸುಮಾರು 75 ಕಿಲೋಮೀಟರು ಅಗಲ. ಆ ಪಟ್ಟೆಯೊಳಗಿನ ಒಂದೊಂದು ಚುಕ್ಕೆಯೂ 60 ಮೀಟರು ಚೌಕದ ನೆಲ. ಅಂಥ ಪ್ರತಿಯೊಂದು ಚುಕ್ಕೆಗೂ ಒಂದು ಪೂರ್ಣ ವರ್ಣಪಟಲ ದೊರೆಯುತ್ತದೆ.

ಆದರೆ ನೆಲದಲ್ಲಿ ಖನಿಜಗಳು ಒಂದೊಂದಾಗಿ ಇರುವುದಿಲ್ಲವಷ್ಟೆ. ಸಾರಿನ ಪುಡಿಯನ್ನು ನಾಲಗೆಯ ಮೇಲಿಟ್ಟೊಡನೆ ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು ಎಂದು ಅನುಭವಸ್ಥೆಯಾದ ಗೃಹಿಣಿ ಹೇಳುವಂತೆ, ಬೆರೆತುಹೋದ ಗುರುತುಗಳನ್ನು ಪ್ರಯೋಗಶಾಲೆಯಲ್ಲಿ ಅಳೆದಿಟ್ಟ ಶುದ್ಧಖನಿಜಗಳ ಗುರುತುಗಳೊಡನೆ ತಾಳೆನೋಡಿ ಗಣಕಯಂತ್ರ ಪಾಲು ಹೇಳಬೇಕು. ಅದಕ್ಕೂ ಮೊದಲು, ನಡುವಣ ವಾಯುಮಂಡಲದ ನೀರಾವಿಯೂ ಅನಿಲಗಳೂ ಹೀರಿದ ಬೆಳಕಿನ ಲೆಕ್ಕವನ್ನು ಕಳೆಯಬೇಕು. ಹೆಮಟೈಟ್, ಗೋಥೈಟ್, ಇಲ್ಲೈಟ್, ವರ್ಮಿಕ್ಯುಲೈಟ್, ಕ್ಯಾಲ್ಸೈಟ್, ಡೋಲೊಮೈಟ್, ಮಾಂಟ್‌ಮೊರಿಲೊನೈಟ್, ಕೆಯೊಲಿನೈಟ್, ಕ್ಲೋರೈಟ್, ಜಿಪ್ಸಂ ಎಂಬ ಹತ್ತು ಖನಿಜಗಳ ನಕ್ಷೆಗಳು ಹೀಗೆ ಸಿದ್ಧವಾಗುತ್ತವೆ. ಐದು ಸಾವಿರ ಮಾದರಿಗಳಿದ್ದಲ್ಲಿ ಈಗ ಕೋಟಿ ಕೋಟಿ ಅಳತೆಗಳು.

ಈ ಉಪಕರಣ ಮೀಥೇನ್ ಅನಿಲದ ಸೋರಿಕೆಯನ್ನೂ ಪತ್ತೆಮಾಡಿದ್ದು ಅನಿರೀಕ್ಷಿತವಾದ ಲಾಭ. ಮೀಥೇನ್ ಸಹ ಅವಕೆಂಪಿನಲ್ಲಿ ತನ್ನ ಗುರುತನ್ನು ಬಿಡುವುದರಿಂದ, ಮೊದಲ ಕೆಲವು ತಿಂಗಳಲ್ಲೇ 50ಕ್ಕೂ ಹೆಚ್ಚು ದೊಡ್ಡ ಸೋರುತಾಣಗಳು ಕಂಡುಬಂದವು. ತುರ್ಕ್‌ಮೆನಿಸ್ತಾನದ ಹಜಾರ್ ಬಂದರಿನ ಪೂರ್ವಕ್ಕೆ ಒಂದೇ ನೋಟದಲ್ಲಿ ಹನ್ನೆರಡು ಸಿಕ್ಕಿದುವು.

ಗಾಳಿಯಲ್ಲಿರುವಾಗಲೇ ನೋಡುವ ಬಗೆ

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಿರಬಹುದು: ಎಮಿಟ್ ನೋಡುವುದು ಧೂಳನ್ನಲ್ಲ, ಧೂಳೇಳುವ ನೆಲವನ್ನು. ತವರನ್ನು ನೋಡಿ ಗುಣವನ್ನು ಊಹಿಸುವ ವಿಧಾನವದು. ಹಾರುತ್ತಿರುವ ಧೂಳನ್ನೇ ಪರೀಕ್ಷಿಸುವ ಉಪಗ್ರಹಗಳು ಬೇರೆ ಇವೆ.

ಅವುಗಳ ಇತಿಹಾಸ ಓಜೋನಿನಿಂದ ಮೊದಲಾಗುತ್ತದೆ. 1978ರಲ್ಲಿ ಹಾರಿದ ನಿಂಬಸ್-7 ಉಪಗ್ರಹದ ಉಪಕರಣವೊಂದು ಓಜೋನನ್ನು ಅಳೆಯಲು ಅತಿನೇರಳೆ ಕಿರಣಗಳನ್ನು ನೋಡುತ್ತಿತ್ತು. ಧೂಳು ಹೊಗೆಗಳು ಆ ಕಿರಣಗಳನ್ನು ಹೀರಿ ಲೆಕ್ಕವನ್ನು ಕೆಡಿಸುತ್ತಿದ್ದುವು. ಆ ದೋಷವನ್ನೇ ಜಾಣರು ಮಾಹಿತಿಯನ್ನಾಗಿ ಪರಿವರ್ತಿಸಿಕೊಂಡರು. ಲೋಕದ ಧೂಳಿನ ತವರುಗಳು ಬಹುಮಟ್ಟಿಗೆ ಬತ್ತಿದ ಕೆರೆಗಳ ಪಾತಳಿಗಳೆಂಬ ದೊಡ್ಡ ಸತ್ಯ ಹೊರಬಿದ್ದದ್ದು ಈ ಮಾಹಿತಿಯಿಂದ.

ಅನಂತರ ಅದೇ ತತ್ತ್ವವನ್ನು, ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದಲ್ಲಿ ಸೂರ್ಯನ ದಿಕ್ಕಿನಲ್ಲಿ ನೆಲೆಗೊಂಡ ಡಿಸ್ಕವರ್ ಎಂಬ ನೌಕೆಯ ಕ್ಯಾಮೆರಾ ಮುಂದುವರಿಸಿತು. 2015ರಲ್ಲಿ ಹೊರಟ ಅದು ಭೂಮಿಯ ಹಗಲಿನ ಮುಖವನ್ನು ಪೂರ್ತಿಯಾಗಿ ಕಾಣುವ ನೆಲೆಯಲ್ಲಿದೆ. ಅತಿನೇರಳೆಯಲ್ಲಿಯೂ ನೀಲಿಯಲ್ಲಿಯೂ ಕೆಂಪಿನಲ್ಲಿಯೂ ಧೂಳು ಎಷ್ಟೆಷ್ಟು ಹೀರಿತು ಎಂಬುದನ್ನು ಹೋಲಿಸಿ, ಆ ಧೂಳಿನಲ್ಲಿ ಹೆಮಟೈಟ್ ಎಷ್ಟು, ಗೋಥೈಟ್ ಎಷ್ಟು ಎಂದು ಅಂದಾಜು ಮಾಡುವ ವಿಧಾನವನ್ನು ವಿಜ್ಞಾನಿಗಳು ಬೆಳೆಸಿದ್ದಾರೆ. ಯೂರೋಪಿನ ಮೆಟಾಪ್ ಉಪಗ್ರಹಗಳ ಮೇಲಿರುವ ಇಯಾಸಿ ಎಂಬ ಉಪಕರಣ ಇದಕ್ಕೆ ತದ್ವಿರುದ್ಧವಾದ ತುದಿಯಿಂದ ಕೆಲಸಮಾಡುತ್ತದೆ: ಅದು ನೋಡುವುದು ಭೂಮಿಯೇ ಹೊರಸೂಸುವ ಶಾಖಕಿರಣಗಳನ್ನು. ಆದುದರಿಂದ ಅದಕ್ಕೆ ಹಗಲಿರುಳೆಂಬ ಭೇದವಿಲ್ಲ. ಸಿಲಿಕೇಟ್ ಖನಿಜಗಳು 8ರಿಂದ 12 ಮೈಕ್ರಾನಿನ ನಡುವೆ ಬಿಡುವ ಗುರುತು ಅದಕ್ಕೆ ದೊರೆಯುತ್ತದೆ.

ಕಾಣದೆ ಉಳಿದುದು

ಇಷ್ಟೆಲ್ಲ ಆದರೂ ಸಮಸ್ಯೆ ಬಗೆಹರಿದುಬಿಟ್ಟಿತೆಂದು ಹೇಳುವಂತಿಲ್ಲ. ಎಮಿಟಿಗೆ ಅತಿ ಸಾಮಾನ್ಯವಾದ ವಸ್ತುವೇ ಕಾಣುವುದಿಲ್ಲ! ಮರುಭೂಮಿಯ ಮರಳೆಲ್ಲ ಬಹುಪಾಲು ಬೆಣಚು, ಎಂದರೆ ಕ್ವಾರ್ಟ್ಸ್. ಆ ಉಪಕರಣ ನೋಡುವ ಬೆಳಕಿನಲ್ಲಿ ಅದು ಯಾವ ಗುರುತನ್ನೂ ಬಿಡುವುದಿಲ್ಲ. ಫೆಲ್ಡ್‌ಸ್ಪಾರ್ ಖನಿಜದ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಇದು ಸಣ್ಣ ನ್ಯೂನತೆಯಲ್ಲ: ಮೇಲಿನ ಮೋಡಗಳಲ್ಲಿ ನೀರಹನಿ ಹಿಮವಾಗುವುದಕ್ಕೆ ಪೊಟ್ಯಾಸಿಯಂ ಫೆಲ್ಡ್‌ಸ್ಪಾರಿನ ಕಣಗಳು ಬಹಳ ಸಮರ್ಥವಾದ ಬೀಜಗಳೆಂದು 2013ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಮೋಡವನ್ನು ಮಾರ್ಪಡಿಸಬಲ್ಲ ಖನಿಜವೇ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತಿದೆ.

ಇನ್ನೊಂದು ತೊಡಕು ನೆಲಕ್ಕೂ ಮುಗಿಲಿಗೂ ನಡುವಣದು. ಗಾಳಿ ನವುರಾದ ಧೂಳನ್ನು ನೇರವಾಗಿ ಎತ್ತಲಾರದು. ನವುರು ಕಣಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಮೊದಲು ಎದ್ದು ಪುಟಿಯುವುದು ದಪ್ಪ ಮರಳಿನ ಕಣ. ಅದು ಮರಳಿ ಬಿದ್ದ ಪೆಟ್ಟಿಗೆ ಜೇಡಿಯ ಹೆಂಟೆಗಳೊಡೆದು ಧೂಳು ಚಿಮ್ಮುತ್ತದೆ. ಲಿಬಿಯದ ಮರುಭೂಮಿಯನ್ನು ಅಲೆದ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಆಂಗ್ಲ ಸೇನಾಧಿಕಾರಿ 1941ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮರಳಿನ ಈ ಕುಪ್ಪಳಿಕೆಯನ್ನು ಶಾಸ್ತ್ರೀಯವಾಗಿ ನಿರೂಪಿಸಿದ್ದಾನೆ. ಹೀಗೆ ಒಡೆದು ಮೇಲೇರುವಾಗ ಖನಿಜಗಳ ಪಾಲು ನೆಲದಲ್ಲಿದ್ದಂತೆಯೇ ಉಳಿಯುವುದಿಲ್ಲ. ದಪ್ಪ ಕಣಗಳು ಹತ್ತಿರದಲ್ಲೇ ಬಿದ್ದುಹೋಗುತ್ತವೆ, ಜೇಡಿ ದೂರ ಸಾಗುತ್ತದೆ. ಆದಕಾರಣ ತವರಿನ ನಕ್ಷೆಯನ್ನು ಹಾರುವ ಧೂಳಿಗೆ ಅನ್ವಯಿಸುವಾಗ ಒಂದು ಲೆಕ್ಕದ ಸೇತುವೆ ಬೇಕು. ಆ ಸೇತುವೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಲು ಬಾರ್ಬೆಡೋಸಿನ ಬೂದಿಯಂಥ ಸಾಕ್ಷ್ಯ ಬೇಕು.

ಕೈಗಾರಿಕೆಯ ಯುಗಕ್ಕೆ ಮೊದಲಿದ್ದುದಕ್ಕಿಂತ ಇಂದು ವಾಯುಮಂಡಲದಲ್ಲಿ ಧೂಳು ಸುಮಾರು ಶೇ. 55ರಷ್ಟು ಹೆಚ್ಚಿದೆಯೆಂದೂ, ಒಟ್ಟಿನ ಮೇಲೆ ಅದು ಭೂಮಿಯನ್ನು ತುಸು ತಣಿಸಿರಬಹುದೆಂದೂ 2023ರ ಒಂದು ಸಮೀಕ್ಷೆ ಹೇಳುತ್ತದೆ. ಆ 'ತುಸು' ಎಷ್ಟು ಎಂಬುದನ್ನು ನಿಷ್ಕರ್ಷಿಸಬೇಕಾದರೆ ಕೆಂಪು ಖನಿಜದ ಪಾಲು ತಿಳಿಯಲೇಬೇಕು.

ಅರಬ್ಬೀ ಸಮುದ್ರದ ಮೇಲಿನ ಮುಸುಕು

ಇದೆಲ್ಲ ಸಹಾರಾದವರ ಚಿಂತೆ, ನಮಗೇನು ಎಂದು ಭಾವಿಸಬಾರದು. ಬೇಸಗೆಯ ಕೊನೆಯಲ್ಲೂ ಮುಂಗಾರಿನ ಕಾಲದಲ್ಲೂ ಇರಾಕ್ ಮತ್ತು ಅರೇಬಿಯದ ಬಯಲುಗಳಿಂದೆದ್ದ ಧೂಳು ಅರಬ್ಬೀ ಸಮುದ್ರದ ಮೇಲೆ ಮುಸುಕಿಕೊಳ್ಳುತ್ತದೆ. ಆ ಧೂಳು ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸಿದಾಗ ಸಮುದ್ರದ ತೇವಭರಿತ ಮಾರುತ ನಮ್ಮ ಕಡೆಗೆ ಬಲಗೊಳ್ಳುವುದೆಂದೂ, ಅದರ ಫಲವಾಗಿ ಸುಮಾರು ಒಂದು ವಾರದೊಳಗೆ ಮಧ್ಯಭಾರತದಲ್ಲಿ ಮಳೆ ಹೆಚ್ಚುವುದೆಂದೂ ವಿ. ವಿನೋಜ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಪ್ರತಿಪಾದಿಸಿದರು. ಉಪಗ್ರಹದ ಅಳತೆಗಳೂ ಗಣಕದ ಲೆಕ್ಕಗಳೂ ಈ ವಾದಕ್ಕೆ ಆಧಾರ.

ಹೀಗಿರುವಾಗ ಆ ಧೂಳು ಎಷ್ಟು ಕಾಯಿಸುತ್ತದೆ ಎಂಬುದು ಅದರೊಳಗಿನ ಕಬ್ಬಿಣದ ಆಕ್ಸೈಡಿನ ಪಾಲಿಗೆ ಕಟ್ಟುಬಿದ್ದ ಪ್ರಶ್ನೆ. ಎಂದರೆ ಯೂಫ್ರೆಟಿಸ್ ಟೈಗ್ರಿಸ್ ನದಿಗಳ ಬಯಲಿನ ಮಣ್ಣಿನ ಬಣ್ಣಕ್ಕೂ ನಮ್ಮ ರೈತನ ಹೊಲಕ್ಕೆ ಬೀಳುವ ಮಳೆಗೂ ಸಂಬಂಧವುಂಟು. ಉತ್ತರದಲ್ಲಿ ಹಿಮಾಲಯದ ಎತ್ತರದ ಹಿಮವನ್ನು ಕಪ್ಪಾಗಿಸಿ ಕರಗಿಸುವುದರಲ್ಲಿ ಹೊಗೆಯ ಮಸಿಗಿಂತ ಮರುಭೂಮಿಯ ಧೂಳಿನ ಪಾತ್ರವೇ ಹಿರಿದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಅಲ್ಲಿಯೂ ಖನಿಜದ ಬಣ್ಣವೇ ನಿರ್ಣಾಯಕ.

ಎಮಿಟ್ ಸಂಗ್ರಹಿಸಿದ ಅಳತೆಗಳು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಸಾರ್ವಜನಿಕ ಸ್ವತ್ತು. ಥಾರ್ ಮರುಭೂಮಿಯ ನೆಲವೂ ಅವುಗಳಲ್ಲಿ ಸೇರಿದೆ. ನಮ್ಮ ವಿಶ್ವವಿದ್ಯಾಲಯಗಳ ಭೂವಿಜ್ಞಾನದ ವಿದ್ಯಾರ್ಥಿಗಳು ಅವುಗಳನ್ನು ತೆಗೆದು ಕೆಲಸ ಮಾಡಬೇಕು. ಅದರ ಜೊತೆಗೇ, ಕಾರವಾರದಲ್ಲೋ ಮಂಗಳೂರಿನಲ್ಲೋ, ಸಮುದ್ರದ ಗಾಳಿಗೆ ಮುಖಮಾಡಿ, ಬಾರ್ಬೆಡೋಸಿನಲ್ಲಿ ಆರು ದಶಕಗಳಿಂದ ನಡೆದಿರುವಂತೆ, ದಶಕಗಳ ಕಾಲ ಎಡೆಬಿಡದೆ ಧೂಳನ್ನು ಶೋಧಕ ಕಾಗದದಲ್ಲಿ ಹಿಡಿದು, ತೊಳೆದು, ಸುಟ್ಟು, ತೂಗಿ, ಅದರ ಖನಿಜವನ್ನು ಪರೀಕ್ಷಿಸಿ ಬರೆದಿಡುವ ವ್ಯವಸ್ಥೆಗೆ ಸರ್ಕಾರವೂ ವಿದ್ಯಾಸಂಸ್ಥೆಗಳೂ ಹಣ ಒದಗಿಸಬೇಕು. ಬಾಹ್ಯಾಕಾಶದ ಉಪಕರಣದ ವೆಚ್ಚಕ್ಕೆ ಹೋಲಿಸಿದರೆ ಅದಕ್ಕೆ ತಗಲುವುದು ಅತ್ಯಲ್ಪ.